ಕಪ್ಪಿಟ್ಟ ಹಲ್ಲಿಗೆ ಒಳಗಿನಿಂದ ಬಿಳುಪು

ಹಲ್ಲಿನ ಬಣ್ಣ ಎರಡು ಬಗೆಯಲ್ಲಿ ಕೆಡುತ್ತದೆ. ಕಾಫಿ, ಟೀ, ಎಲೆಅಡಿಕೆ, ಬೀಡಿ, ತಂಬಾಕಿನ ಕಲೆ ಹೊರಮೈಗೆ ಅಂಟುತ್ತದೆ. ಅದು ಹಲವು ಹಲ್ಲುಗಳ ಮೇಲೆ ಒಟ್ಟಿಗೇ ಕಾಣಿಸುತ್ತದೆ, ದಂತವೈದ್ಯರಲ್ಲಿ ಹಲ್ಲು ಕ್ಲೀನ್ ಮಾಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಎರಡನೆಯ ಬಗೆಯ ಲಕ್ಷಣವೇ ಬೇರೆ. ಅಕ್ಕಪಕ್ಕದ ಹಲ್ಲುಗಳೆಲ್ಲ ಸರಿಯಾಗಿದ್ದು, ನಡುವೆ ಒಂದೇ ಒಂದು ಹಲ್ಲು ಬೂದು, ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಎಷ್ಟು ಉಜ್ಜಿದರೂ ಬಣ್ಣ ಬಿಡುವುದಿಲ್ಲ. ಇದ್ದಿಲು, ಉಪ್ಪು, ನಿಂಬೆರಸ, ಬಿಳುಪಿನ ಟೂತ್‌ಪೇಸ್ಟ್ ಯಾವುದಕ್ಕೂ ಅದು ಜಗ್ಗುವುದಿಲ್ಲ. ಕಲೆ ಹಲ್ಲಿನ ಒಳಗಿದೆ, ಉಜ್ಜುವುದು ಹೊರಗೆ ನಡೆಯುತ್ತದೆ. ಇಂಥ ಹಲ್ಲಿಗೆ ಹಿಂಬದಿಯಿಂದ ಸಣ್ಣ ರಂಧ್ರ ತೆರೆದು, ಒಳಗೆ ಬಿಳುಪಿನ ಮದ್ದು ಇಟ್ಟು ಬಣ್ಣ ತೆಗೆಯುವ ಚಿಕಿತ್ಸೆಯೇ ಒಳಬ್ಲೀಚಿಂಗ್. ಹಲ್ಲನ್ನು ಕೊರೆದು ಕ್ಯಾಪ್ ಹಾಕುವುದಕ್ಕೆ ಮೊದಲು ಯೋಚಿಸಬೇಕಾದ ದಾರಿ ಇದು. ಖರ್ಚೂ ಕಡಿಮೆ, ಹಲ್ಲಿನ ನಷ್ಟವೂ ಕಡಿಮೆ. ಆದರೆ ಅವಸರಪಟ್ಟರೆ ಇದೇ ಚಿಕಿತ್ಸೆ ಹಲ್ಲಿನ ಬೇರಿಗೆ ಕುತ್ತು ತರಬಲ್ಲದು.

ಬಣ್ಣ ಕೊಡುವ ಪದರ

ಹಲ್ಲಿನ ಹೊರಗವಚ ಎನಾಮಲ್. ಅದು ದೇಹದಲ್ಲೇ ಅತಿ ಗಟ್ಟಿಯಾದ ವಸ್ತು, ಆದರೆ ಪೂರ್ತಿ ಬಿಳಿಯಲ್ಲ, ಅರೆಪಾರದರ್ಶಕ. ಹಲ್ಲಿಗೆ ಕಾಣುವ ಬಣ್ಣ ಹೆಚ್ಚಾಗಿ ಬರುವುದು ಅದರ ಕೆಳಗಿರುವ ಡೆಂಟಿನ್ ಪದರದಿಂದ. ಡೆಂಟಿನ್ ಸಹಜವಾಗಿ ತಿಳಿ ಹಳದಿ. ವಯಸ್ಸಾದಂತೆ ಎನಾಮಲ್ ಸವೆದು ಡೆಂಟಿನ್ ದಪ್ಪವಾಗುತ್ತದೆ, ಹಲ್ಲು ಹಳದಿಯಾಗಿ ಕಾಣುತ್ತದೆ. ಒಸಡಿನ ಬಳಿ ಎನಾಮಲ್ ತೀರ ತೆಳು, ಆದ್ದರಿಂದ ಒಳಗಿನ ಬಣ್ಣ ಅಲ್ಲಿ ಎದ್ದು ಕಾಣುತ್ತದೆ.

ಡೆಂಟಿನ್ನಿನ ಒಳಗೆ ತಿರುಳು ಇದೆ. ಜನ ಇದನ್ನೇ ಹಲ್ಲಿನ ನರ ಎನ್ನುತ್ತಾರೆ. ನಿಜದಲ್ಲಿ ಅಲ್ಲಿ ನರದ ಜೊತೆಗೆ ರಕ್ತನಾಳಗಳೂ ಜೀವಕೋಶಗಳೂ ಇರುತ್ತವೆ. ತಿರುಳಿನಿಂದ ಹೊರಕ್ಕೆ ಡೆಂಟಿನ್ನಿನ ಉದ್ದಕ್ಕೂ ಅತಿ ಸೂಕ್ಷ್ಮವಾದ ನಳಿಕೆಗಳು ಹಾಯ್ದಿರುತ್ತವೆ. ತಿರುಳಿನ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ ಇಂಥ ಸುಮಾರು 45 ಸಾವಿರ ನಳಿಕೆಗಳಿದ್ದು, ಹೊರಕ್ಕೆ ಹೋದಂತೆ ವಿರಳವಾಗುತ್ತವೆ, ಕಿರಿದಾಗುತ್ತವೆ. ತಿರುಳಿನ ಕೋಣೆಯಲ್ಲಿ ಏನು ಚೆಲ್ಲಿದರೂ ಈ ನಳಿಕೆಗಳ ಮೂಲಕ ಡೆಂಟಿನ್ನಿಗೆ ಇಳಿಯುತ್ತದೆ. ಹಲ್ಲು ಕಪ್ಪಾಗುವುದು ಈ ದಾರಿಯಲ್ಲಿ. ಅದನ್ನು ಬೆಳ್ಳಗೆ ಮಾಡುವ ಮದ್ದು ಸಾಗುವುದೂ ಇದೇ ದಾರಿಯಲ್ಲಿ. ಮದ್ದು ಹೋಗಬಾರದ ಕಡೆಗೆ ಸೋರಿ ಬೇರನ್ನು ಕೆಡಿಸುವ ದಾರಿಯೂ ಇದೇ.

ಒಳಗಿನಿಂದ ಕಪ್ಪಾಗಲು ಕಾರಣ

ಮೊದಲ ಕಾರಣ ಪೆಟ್ಟು. ಸೈಕಲ್ಲಿನಿಂದ ಬಿದ್ದಾಗ, ಆಟದಲ್ಲಿ ಚೆಂಡು ಬಡಿದಾಗ, ಗಾಡಿ ಅಪಘಾತದಲ್ಲಿ ಹೆಚ್ಚು ಏಟು ತಿನ್ನುವುದು ಮೇಲ್ದವಡೆಯ ಮುಂದಿನ ಬಾಚಿಹಲ್ಲುಗಳು. ಹಲ್ಲು ಮುರಿಯದಿದ್ದರೂ ತಿರುಳಿನ ರಕ್ತನಾಳ ಒಡೆಯಬಹುದು. ಚೆಲ್ಲಿದ ರಕ್ತ ನಳಿಕೆಗಳಿಗೆ ನುಗ್ಗುತ್ತದೆ. ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ಹೊರಬೀಳುತ್ತದೆ, ಅದರಿಂದ ಕಬ್ಬಿಣದ ಅಂಶ ಬೇರ್ಪಡುತ್ತದೆ. ಮುಂದೆ ಸೋಂಕು ತಗುಲಿದರೆ ಬ್ಯಾಕ್ಟೀರಿಯಾಗಳು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಆ ಕಬ್ಬಿಣದ ಜೊತೆ ಸೇರಿ ಕಪ್ಪನೆಯ ಕಬ್ಬಿಣದ ಸಲ್ಫೈಡ್ ಉಂಟಾಗುತ್ತದೆ. ಪೆಟ್ಟು ಬಿದ್ದ ಹೊಸದರಲ್ಲಿ ನಸುಗೆಂಪಾಗಿದ್ದ ಹಲ್ಲು ಬರಬರುತ್ತ ಬೂದಾಗಿ, ಕಪ್ಪಾಗುವುದು ಹೀಗೆ. ನಸುಗೆಂಪು ಬಣ್ಣಕ್ಕೆ ಇನ್ನೊಂದು ಕಾರಣವೂ ಇರಬಹುದು. ಹಲ್ಲು ಒಳಗಿನಿಂದ ಕರಗುತ್ತಿದ್ದರೂ ಹಾಗೇ ಕಾಣುವುದರಿಂದ ಎಕ್ಸ್‌ರೇ ನೋಡದೆ ತೀರ್ಮಾನಕ್ಕೆ ಬರುವಂತಿಲ್ಲ.

ಪೆಟ್ಟಿನಿಂದ ಬಣ್ಣ ಬದಲಾದ ಹಲ್ಲೆಲ್ಲ ಸತ್ತ ಹಲ್ಲೇ ಆಗಬೇಕೆಂದಿಲ್ಲ. ಕೆಲವೊಮ್ಮೆ ತಿರುಳು ಚೇತರಿಸಿಕೊಂಡು ಬಣ್ಣ ತಾನಾಗಿ ತಿಳಿಯಾಗುತ್ತದೆ. ಮತ್ತೆ ಕೆಲವೊಮ್ಮೆ ತಿರುಳು ಬದುಕಿಯೇ ಇದ್ದು, ಗಾಬರಿಬಿದ್ದಂತೆ ಡೆಂಟಿನ್ ಕಟ್ಟುತ್ತಾ ಹೋಗಿ ಒಳಗಿನ ಕೋಣೆಯನ್ನೇ ಮುಚ್ಚಿಬಿಡುತ್ತದೆ. ಅಂಥ ಹಲ್ಲು ಕಪ್ಪಾಗುವುದಿಲ್ಲ, ಮಾಸಲು ಹಳದಿಯಾಗುತ್ತದೆ. ಅದಕ್ಕೆ ಮೊದಲು ಮಾಡಿ ನೋಡಬೇಕಾದದ್ದು ಹೊರಗಿನಿಂದ ಮಾಡುವ ಬ್ಲೀಚಿಂಗ್.

ಎರಡನೆಯ ಕಾರಣ ಹುಳುಕು. ಆಳಕ್ಕಿಳಿದ ಹುಳುಕಿನಿಂದ ತಿರುಳು ಕೊಳೆತರೆ, ಕೊಳೆತ ಪ್ರೋಟೀನಿನ ಅಂಶಗಳು ನಳಿಕೆಗಳಲ್ಲಿ ಸೇರಿ ಹಲ್ಲು ಮಂಕಾಗುತ್ತದೆ.

ಮೂರನೆಯದು ಚಿಕಿತ್ಸೆಯಿಂದಲೇ ಬರುವ ಕಪ್ಪು. ರೂಟ್ ಕೆನಾಲ್ ಮಾಡಿಸಿದ ಹಲ್ಲು ಕಪ್ಪಾಗಿಯೇ ಆಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಬಾಚಿಹಲ್ಲಿನ ತಿರುಳಿನ ಕೋಣೆಗೆ ತುದಿಯ ಕಡೆ ಎರಡು ಮೂಲೆಗಳಲ್ಲಿ ಚೂಪಾದ ಚಾಚುಗಳಿರುತ್ತವೆ. ಹಲ್ಲಿನ ಹಿಂಬದಿಯಲ್ಲಿ ತೆರೆದ ರಂಧ್ರ ಕಿರಿದಾಗಿದ್ದರೆ ಈ ಮೂಲೆಗಳಿಗೆ ಉಪಕರಣ ತಲುಪುವುದಿಲ್ಲ. ಅಲ್ಲಿ ಉಳಿದ ತಿರುಳಿನ ಚೂರು ಕೊಳೆತು ಹಲ್ಲಿಗೆ ಬಣ್ಣ ಕೊಡುತ್ತದೆ. ಬೇರಿನೊಳಗೆ ತುಂಬುವ ಗಟ್ಟಾಪರ್ಚ ಮತ್ತು ಅದನ್ನು ಅಂಟಿಸುವ ಸಿಮೆಂಟು ಹಲ್ಲಿನ ಮೇಲ್ಭಾಗದಲ್ಲೇ ಉಳಿದರೂ ಹೀಗಾಗುತ್ತದೆ. ಬೆಳ್ಳಿಯ ಅಂಶವಿದ್ದ ಹಳೆಯ ಸಿಮೆಂಟುಗಳು ಇದಕ್ಕೆ ಹೆಸರುವಾಸಿ. ಹಿಂಬದಿಗೆ ತುಂಬಿಸಿದ ಬೆಳ್ಳಿ ಬಣ್ಣದ ಅಮಾಲ್ಗಂ, ಬೂದು ಬಣ್ಣದ ಎಂಟಿಎ ಸಿಮೆಂಟು, ಮಿನೋಸೈಕ್ಲಿನ್ ಬೆರೆತ ಮೂರು ಆಂಟಿಬಯೋಟಿಕ್‌ಗಳ ಲೇಪ ಇವೂ ಡೆಂಟಿನ್ನಿಗೆ ಬಣ್ಣ ಹತ್ತಿಸುತ್ತವೆ. ಕೋಣೆಯನ್ನು ಮೂಲೆಮೂಲೆಯೂ ಬಿಡದೆ ಶುಚಿ ಮಾಡಿ, ತುಂಬಿದ ವಸ್ತುವನ್ನು ಒಸಡಿನ ಮಟ್ಟದಿಂದ ಕೆಳಕ್ಕೆ ಕತ್ತರಿಸಿ ನಿಲ್ಲಿಸಿದರೆ ಈ ಬಗೆಯ ಕಪ್ಪನ್ನು ಬಹುಪಾಲು ತಪ್ಪಿಸಬಹುದು.

ಹಲ್ಲು ಹುಟ್ಟುವ ಕಾಲದಲ್ಲೇ ಕೆಟ್ಟ ಬಣ್ಣ ಇವೆಲ್ಲಕ್ಕಿಂತ ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರಿನಂಥ ಜಿಲ್ಲೆಗಳ ಹಲವು ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದು, ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಫ್ಲೋರೋಸಿಸ್ ಎಂಬ ಈ ತೊಂದರೆ ಎನಾಮಲ್ಲಿನ ದೋಷ, ಅದರಲ್ಲಿ ತಿರುಳು ಬದುಕಿರುತ್ತದೆ. ಆದ್ದರಿಂದ ಒಳಬ್ಲೀಚಿಂಗಿಗೆ ಅಲ್ಲಿ ಕೆಲಸವಿಲ್ಲ. ಬಾಲ್ಯದಲ್ಲಿ ಟೆಟ್ರಾಸೈಕ್ಲಿನ್ ಕೊಟ್ಟಿದ್ದರಿಂದ ಬೂದುಪಟ್ಟೆ ಬಿದ್ದ ಹಲ್ಲುಗಳ ಕಥೆ ಇನ್ನೊಂದು. ಆ ಕಲೆ ಡೆಂಟಿನ್ನಿನಲ್ಲೇ ಇರುವುದರಿಂದ, ಆರೋಗ್ಯವಾಗಿದ್ದ ಹಲ್ಲಿಗೂ ಬೇಕೆಂದೇ ರೂಟ್ ಕೆನಾಲ್ ಮಾಡಿ ಒಳಗಿನಿಂದ ಬಿಳುಪು ಕೊಡುವ ವಿಧಾನವನ್ನು 1980ರ ದಶಕದಲ್ಲಿ ಅಮೆರಿಕದಲ್ಲಿ ಪ್ರಯೋಗಿಸಿದ್ದರು. ಜೀವವಿರುವ ಹಲ್ಲನ್ನು ಬಣ್ಣಕ್ಕಾಗಿ ಕೊಲ್ಲುವುದನ್ನು ಇಂದಿನ ದಂತವೈದ್ಯ ಒಪ್ಪುವುದಿಲ್ಲ.

ನೂರೈವತ್ತು ವರ್ಷಗಳ ಹುಡುಕಾಟ

ಸತ್ತ ಹಲ್ಲಿಗೆ ಬಿಳುಪು ಕೊಡುವ ಯತ್ನ ಹೊಸದಲ್ಲ. 1864ರಲ್ಲಿ ಅಮೆರಿಕದ ಜೇಮ್ಸ್ ಟ್ರೂಮನ್ ಕ್ಲೋರಿನ್ ಬೆರೆತ ಸುಣ್ಣದಿಂದ, ಎಂದರೆ ಬ್ಲೀಚಿಂಗ್ ಪೌಡರಿನಿಂದ, ಈ ಕೆಲಸ ಮಾಡಿ ತೋರಿಸಿದರು. 1884ರಲ್ಲಿ ಹಾರ್ಲನ್ ಎಂಬವರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿದ್ದನ್ನು ವರದಿ ಮಾಡಿದರು. ಆಮೇಲಿನ ದಶಕಗಳಲ್ಲಿ ಸಾಂದ್ರ ಪೆರಾಕ್ಸೈಡನ್ನು ಹಲ್ಲಿನೊಳಗೆ ಇಟ್ಟು, ಕಾಯಿಸಿದ ಉಪಕರಣದಿಂದಲೋ ದೀಪದಿಂದಲೋ ಬಿಸಿ ಮಾಡುವ ಪದ್ಧತಿ ಬೆಳೆಯಿತು. ಬಿಸಿ ತಗುಲಿದರೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಒಂದೇ ಭೇಟಿಯಲ್ಲಿ ಹಲ್ಲು ಬೆಳ್ಳಗಾಗುತ್ತದೆ.

ಇದಕ್ಕೆ ತಿರುವು ಬಂದದ್ದು 1961ರಲ್ಲಿ. ಸ್ಪಾಸರ್ ಎಂಬ ದಂತವೈದ್ಯರು ಸೋಡಿಯಂ ಪರ್ಬೋರೇಟ್ ಪುಡಿಯನ್ನು ನೀರಿನಲ್ಲಿ ಕಲಸಿ ಹಲ್ಲಿನೊಳಗಿಟ್ಟು, ರಂಧ್ರದ ಬಾಯಿ ಮುಚ್ಚಿ ರೋಗಿಯನ್ನು ಮನೆಗೆ ಕಳಿಸುವ ಸರಳ ವಿಧಾನವನ್ನು ಪ್ರಕಟಿಸಿದರು. ಬಿಳುಪಿನ ಕೆಲಸ ಆಸ್ಪತ್ರೆಯ ಕುರ್ಚಿಯಲ್ಲಿ ಮುಗಿಯದೆ, ರೋಗಿ ಓಡಾಡಿಕೊಂಡಿರುವಾಗಲೇ ನಡೆಯುತ್ತಿತ್ತು. 1963ರಲ್ಲಿ ನಟಿಂಗ್ ಮತ್ತು ಪೋ ಎಂಬವರು ನೀರಿನ ಬದಲು ಸುಮಾರು ಶೇ. 30ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದೇ ಪುಡಿ ಕಲಸಿ ವೇಗ ಹೆಚ್ಚಿಸಿದರು. ಈ ಪದ್ಧತಿಗೆ ನಿಂತ ಹೆಸರು ‘ವಾಕಿಂಗ್ ಬ್ಲೀಚ್’. ಇಂದಿಗೂ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಳಬ್ಲೀಚಿಂಗ್ ಇದೇ. ಸೋಡಿಯಂ ಪರ್ಬೋರೇಟ್ ದಂತವೈದ್ಯಕ್ಕಷ್ಟೇ ಸೀಮಿತವಾದ ವಸ್ತುವಲ್ಲ. ಜರ್ಮನಿಯಲ್ಲಿ 1907ರಲ್ಲಿ ಮಾರುಕಟ್ಟೆಗೆ ಬಂದ ಪರ್ಸಿಲ್ ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಕೊಡುತ್ತಿದ್ದದ್ದೂ ಅದೇ.

1979ರಲ್ಲಿ ಹ್ಯಾರಿಂಗ್ಟನ್ ಮತ್ತು ನಾಟ್ಕಿನ್ ಎಂಬವರು ಕೆಲವು ಪ್ರಕರಣಗಳನ್ನು ಮುಂದಿಟ್ಟಾಗ ದಂತವೈದ್ಯರು ಎಚ್ಚೆತ್ತರು. ಬಿಳುಪು ಪಡೆದ ಹಲ್ಲುಗಳ ಬೇರು ವರ್ಷಗಳ ಬಳಿಕ ಒಸಡಿನ ಮಟ್ಟದಲ್ಲಿ ಕರಗಲಾರಂಭಿಸಿತ್ತು. ಅಲ್ಲಿಂದ ಈಚೆಗೆ ಈ ಚಿಕಿತ್ಸೆಯ ದಿಕ್ಕು ಬದಲಾಯಿತು. ಸಾಂದ್ರ ಮದ್ದಿನಿಂದ ಸೌಮ್ಯ ಮದ್ದಿಗೆ, ಬಿಸಿಯಿಂದ ತಣ್ಣನೆಯ ವಿಧಾನಕ್ಕೆ, ಒಂದೇ ದಿನದಿಂದ ಹಲವು ವಾರಗಳಿಗೆ ಅದು ಸರಿಯಿತು.

ಮದ್ದು ಮಾಡುವ ಕೆಲಸ

ಯಾವ ಹೆಸರಿನ ಮದ್ದಾದರೂ ಕೊನೆಗೆ ಕೆಲಸ ಮಾಡುವುದು ಹೈಡ್ರೋಜನ್ ಪೆರಾಕ್ಸೈಡೇ. ಸೋಡಿಯಂ ಪರ್ಬೋರೇಟ್ ಒಣಗಿರುವವರೆಗೆ ಸ್ಥಿರವಾಗಿರುತ್ತದೆ. ನೀರು ತಗುಲಿದರೆ ಸೋಡಿಯಂ ಮೆಟಾಬೋರೇಟ್ ಆಗಿ ಒಡೆದು ಪೆರಾಕ್ಸೈಡನ್ನು ನಿಧಾನವಾಗಿ ಬಿಡುತ್ತದೆ. ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಯೂರಿಯಾ ಮತ್ತು ಪೆರಾಕ್ಸೈಡಾಗಿ ಒಡೆಯುತ್ತದೆ. ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಎಂದರೆ ಸುಮಾರು ಶೇ. 3.5ರ ಹೈಡ್ರೋಜನ್ ಪೆರಾಕ್ಸೈಡಿಗೆ ಸಮ.

ಪೆರಾಕ್ಸೈಡಿನ ಅಣು ಬಹಳ ಚಿಕ್ಕದು, ಡೆಂಟಿನ್ನಿನ ನಳಿಕೆಗಳಲ್ಲಿ ಸುಲಭವಾಗಿ ಸಾಗುತ್ತದೆ. ಕಲೆಗೆ ಬಣ್ಣ ಕೊಡುವುದು ಉದ್ದನೆಯ, ಬೆಳಕನ್ನು ಹೀರುವ ಸಾವಯವ ಅಣುಗಳು. ಪೆರಾಕ್ಸೈಡಿನಿಂದ ಹುಟ್ಟಿದ ಚುರುಕಾದ ಆಮ್ಲಜನಕದ ರೂಪಗಳು ಆ ಅಣುಗಳ ಜೋಡಿಬಂಧಗಳನ್ನು ಮುರಿದು ಚಿಕ್ಕ, ಬಣ್ಣವಿಲ್ಲದ ತುಣುಕುಗಳಾಗಿ ಮಾಡುತ್ತವೆ. ಕಲೆ ಎದ್ದು ಹೋಗುವುದಕ್ಕಿಂತ ಅದರ ಬಣ್ಣ ಹೋಗುತ್ತದೆ ಎನ್ನುವುದು ಸರಿ. ರಕ್ತದಿಂದ, ಕೊಳೆತ ತಿರುಳಿನಿಂದ ಬಂದ ಕಲೆ ಈ ಮದ್ದಿಗೆ ಚೆನ್ನಾಗಿ ಬಗ್ಗುತ್ತದೆ. ಬೆಳ್ಳಿ, ಅಮಾಲ್ಗಂಗಳಿಂದ ಡೆಂಟಿನ್ನಿಗೆ ಇಳಿದ ಲೋಹದ ಕಲೆ ಹಾಗೆ ಮುರಿಯುವಂಥದ್ದಲ್ಲ, ಅದರ ಮೇಲೆ ಮದ್ದಿನ ಪ್ರಭಾವ ಕಡಿಮೆ. ಕಲೆ ಹೊಸದಿದ್ದಷ್ಟೂ ಫಲ ಬೇಗ ಸಿಗುವುದು ಸಾಮಾನ್ಯ.

ಯಾವ ಹಲ್ಲಿಗೆ ಸಲ್ಲುತ್ತದೆ

ಒಳಬ್ಲೀಚಿಂಗಿಗೆ ಮೊದಲ ಷರತ್ತು ಹಲ್ಲಿನ ತಿರುಳು ಸತ್ತಿದ್ದು, ರೂಟ್ ಕೆನಾಲ್ ಚಿಕಿತ್ಸೆ ಮುಗಿದಿರಬೇಕು. ಬೇರಿನ ತುಂಬಿಕೆ ತುದಿಯವರೆಗೂ ಬಿಗಿಯಾಗಿದೆಯೇ, ಬೇರಿನ ತುದಿಯಲ್ಲಿ ಕೀವು ಅಥವಾ ಮೂಳೆಯ ಸವೆತ ಇದೆಯೇ ಎಂದು ಎಕ್ಸ್‌ರೇಯಲ್ಲಿ ನೋಡುತ್ತಾರೆ. ತುಂಬಿಕೆ ಸಡಿಲವಾಗಿದ್ದರೆ ಅದನ್ನು ತೆಗೆದು ಮತ್ತೆ ಮಾಡಬೇಕು. ಇಲ್ಲದಿದ್ದರೆ ಮದ್ದು ಬೇರಿನ ಕೆಳಕ್ಕೂ ಇಳಿಯುತ್ತದೆ. ಹಲ್ಲಿನ ಮೇಲ್ಭಾಗ ಬಹುಮಟ್ಟಿಗೆ ಇಡಿಯಾಗಿ ಉಳಿದಿರಬೇಕು. ಬಿರುಕು ಬಿಟ್ಟ ಹಲ್ಲಿಗೂ, ದೊಡ್ಡ ದೊಡ್ಡ ತುಂಬಿಕೆಗಳಿಂದ ಟೊಳ್ಳಾದ ಹಲ್ಲಿಗೂ ಕ್ಯಾಪೇ ವಾಸಿ. ಬೇರು ಈಗಾಗಲೇ ಎಲ್ಲಾದರೂ ಕರಗುತ್ತಿದ್ದರೆ ಬ್ಲೀಚಿಂಗ್ ಮಾಡುವುದಿಲ್ಲ.

ಪೆಟ್ಟು ಬಿದ್ದು ಮಕ್ಕಳ ಹಾಲುಹಲ್ಲು ಬೂದಾದರೆ ಬಿಳುಪು ಕೊಡುವ ಅಗತ್ಯವಿಲ್ಲ. ನೋವು, ಬಾವು, ಒಸಡಿನ ಮೇಲೆ ಗುಳ್ಳೆ ಇಲ್ಲದಿದ್ದರೆ ವೈದ್ಯರು ಅದನ್ನು ಗಮನಿಸುತ್ತಾ ಬಿಡುತ್ತಾರೆ, ಕೆಲವು ತಾನಾಗಿ ತಿಳಿಯಾಗುತ್ತವೆ.

ವಾಕಿಂಗ್ ಬ್ಲೀಚ್ ಹಂತಹಂತವಾಗಿ

ಶುರುವಿಗೆ ಹಲ್ಲಿನ ಈಗಿನ ಬಣ್ಣವನ್ನು ಬಣ್ಣದ ಮಾದರಿಪಟ್ಟಿಯ ಜೊತೆ ಹೋಲಿಸಿ ಬರೆದುಕೊಂಡು ಫೋಟೋ ತೆಗೆಯುತ್ತಾರೆ. ಮುಂದೆ ಬಣ್ಣ ಎಷ್ಟು ಬದಲಾಯಿತು ಎಂಬುದಕ್ಕೆ ಇದೇ ದಾಖಲೆ. ಹಲ್ಲು ಶುಚಿಗೊಳಿಸಿದ ಮೇಲೆ ರಬ್ಬರ್ ಡ್ಯಾಮ್ ಎಂಬ ತೆಳುವಾದ ರಬ್ಬರ್ ಹಾಳೆಯಲ್ಲಿ ತೂತು ಮಾಡಿ, ಆ ಒಂದು ಹಲ್ಲಷ್ಟೇ ಹೊರಗೆ ಕಾಣುವಂತೆ ಬಿಗಿಯುತ್ತಾರೆ. ಮದ್ದು ಒಸಡಿಗೆ ತಾಗಿದರೆ ಸುಡುತ್ತದೆ, ಎಂಜಲು ಹಲ್ಲಿನೊಳಗೆ ಇಳಿದರೆ ಸೋಂಕು ಬರುತ್ತದೆ. ಈ ಹಾಳೆ ಎರಡನ್ನೂ ತಡೆಯುತ್ತದೆ.

ಆಮೇಲೆ ಹಲ್ಲಿನ ಹಿಂಬದಿಯ ಹಳೆಯ ತುಂಬಿಕೆ ತೆಗೆದು, ತಿರುಳಿನ ಕೋಣೆಯ ಮೂಲೆಗಳಲ್ಲಿ ಅಡಗಿದ ಕೊಳೆ, ಸಿಮೆಂಟಿನ ಚೂರು ಎಲ್ಲವನ್ನೂ ಕೆರೆದು ತೊಳೆಯುತ್ತಾರೆ. ಎಷ್ಟೋ ಸಲ ಈ ಶುಚಿಯಲ್ಲೇ ಬಣ್ಣ ಒಂದು ಪಾಲು ತಿಳಿಯಾಗುತ್ತದೆ. ಡೆಂಟಿನ್ ಕಪ್ಪಾಗಿದೆ ಎಂದು ಅದನ್ನು ಕೊರೆಯುತ್ತಾ ಹೋಗುವುದಿಲ್ಲ. ಹಲ್ಲಿನ ಬಲ ಆ ಡೆಂಟಿನ್ನಿನಲ್ಲೇ ಇದೆ.

ಮುಂದಿನ ಹಂತ ಇಡೀ ಚಿಕಿತ್ಸೆಯ ಮರ್ಮ. ಬೇರಿನೊಳಗೆ ತುಂಬಿದ ಗಟ್ಟಾಪರ್ಚವನ್ನು, ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಯಿಂದ 2–3 ಮಿಲಿಮೀಟರ್ ಬೇರಿನ ಕಡೆಗೆ ಕತ್ತರಿಸುತ್ತಾರೆ. ಆ ಜಾಗಕ್ಕೆ ಗ್ಲಾಸ್ ಅಯೊನೊಮರ್ ಸಿಮೆಂಟಿನಂಥ ವಸ್ತುವಿನಿಂದ ಕನಿಷ್ಠ 2 ಮಿಲಿಮೀಟರ್ ದಪ್ಪದ ತಡೆ ಕಟ್ಟುತ್ತಾರೆ. ಮದ್ದು ಬೇರಿನ ಕಡೆ ಇಳಿಯದಂತೆ ಕಾಯುವುದು ಇದೇ. ತಡೆಯ ಮೇಲ್ಮೈ ಸಮತಟ್ಟಾಗಿದ್ದರೆ ಸಾಲದು. ಎನಾಮಲ್ಲಿನ ಅಂಚು ಹಲ್ಲಿನ ಸುತ್ತ ಒಂದೇ ಎತ್ತರದಲ್ಲಿ ಇರುವುದಿಲ್ಲ. ಪಕ್ಕದ ಹಲ್ಲುಗಳ ಕಡೆಗಿರುವ ಎರಡು ಬದಿಗಳಲ್ಲಿ ಅದು ಹಲ್ಲಿನ ತುದಿಯತ್ತ ಏರಿರುತ್ತದೆ, ಮುಂದೆ ಮತ್ತು ಹಿಂದೆ ಬೇರಿನತ್ತ ಇಳಿದಿರುತ್ತದೆ. ಮುಂಬದಿಯ ಮಟ್ಟಕ್ಕೆ ಸಮನಾಗಿ ತಡೆ ಕಟ್ಟಿದರೆ ಎರಡೂ ಪಕ್ಕಗಳಲ್ಲಿ ನಳಿಕೆಗಳ ಬಾಯಿ ತೆರೆದೇ ಉಳಿಯುತ್ತದೆ. ಅದಕ್ಕಾಗಿ ಒಸಡು ಹಲ್ಲಿಗೆ ಅಂಟಿಕೊಂಡ ಮಟ್ಟವನ್ನು ಅಳತೆಗೆರೆಗಳಿರುವ ಸಣ್ಣ ಕಡ್ಡಿಯಿಂದ ಹೊರಗೆ ಮುಂದೆ ಮತ್ತು ಎರಡು ಪಕ್ಕಗಳಲ್ಲಿ ಅಳೆದು, ಒಳಗೆ ಅದಕ್ಕಿಂತ ಸುಮಾರು 1 ಮಿಲಿಮೀಟರ್ ಹಲ್ಲಿನ ತುದಿಯ ಕಡೆಗೆ ಬರುವಂತೆ ತಡೆಯ ಆಕಾರ ಕೊಡುತ್ತಾರೆ. ಮುಂದಿನಿಂದ ನೋಡಿದರೆ ಅದು ನಡುವೆ ತಗ್ಗಿ ಎರಡೂ ಪಕ್ಕ ಎದ್ದಿರುತ್ತದೆ.

ತಡೆ ಗಟ್ಟಿಯಾದ ಮೇಲೆ ಮದ್ದಿನ ಸರದಿ. ಗಾಜಿನ ಹಲಗೆಯ ಮೇಲೆ ಸೋಡಿಯಂ ಪರ್ಬೋರೇಟ್ ಪುಡಿಗೆ ಹನಿಹನಿಯಾಗಿ ನೀರು ಸೇರಿಸಿ ಒದ್ದೆ ಮರಳಿನ ಹದಕ್ಕೆ ಕಲಸುತ್ತಾರೆ. ಅದನ್ನು ಕೋಣೆಯೊಳಗೆ, ಮುಖ್ಯವಾಗಿ ಮುಂಬದಿಯ ಗೋಡೆಗೆ ಒತ್ತುವಂತೆ ತುಂಬಿ, ಹೆಚ್ಚಿನ ನೀರನ್ನು ಹತ್ತಿಯ ಉಂಡೆಯಿಂದ ಹೀರಿಸುತ್ತಾರೆ. ಅಂಚಿಗೆ ಅಂಟಿದ ಮದ್ದನ್ನು ಒರೆಸಿ, ಸುಮಾರು 3 ಮಿಲಿಮೀಟರ್ ದಪ್ಪ ತಾತ್ಕಾಲಿಕ ಸಿಮೆಂಟಿನಿಂದ ಬಾಯಿ ಮುಚ್ಚುತ್ತಾರೆ. ಮದ್ದಿನಿಂದ ಆಮ್ಲಜನಕ ಹೊರಬರುವಾಗ ಒಳಗೆ ಒತ್ತಡ ಏಳುತ್ತದೆ, ಮುಚ್ಚಳ ತೆಳುವಾದರೆ ಕಿತ್ತುಬರುತ್ತದೆ. ಮುಚ್ಚಳ ಬಿದ್ದರೆ ಮದ್ದು ತೊಳೆದುಹೋಗುವುದಲ್ಲದೆ ಎಂಜಲು ಒಳನುಗ್ಗುತ್ತದೆ. ರೋಗಿ ಆ ಹಲ್ಲಿನಲ್ಲಿ ಗಟ್ಟಿ ಪದಾರ್ಥ ಕಚ್ಚಬಾರದು. ಸಿಮೆಂಟು ಬಿದ್ದರೆ ತಡಮಾಡದೆ ವೈದ್ಯರಲ್ಲಿ ಹೋಗಬೇಕು.

ಮೂರರಿಂದ ಏಳು ದಿನಕ್ಕೊಮ್ಮೆ ಹಳೆಯ ಮದ್ದು ತೊಳೆದು ಹೊಸದು ತುಂಬುತ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ ಮಾಡಿದರೆ ಬಣ್ಣ ಹಿಡಿತಕ್ಕೆ ಬರುತ್ತದೆ. ಪಕ್ಕದ ಹಲ್ಲಿಗೆ ಸಮನಾದ ಬಣ್ಣ ಬಂದಾಗ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು ತಿಳಿಯಾದಾಗ ನಿಲ್ಲಿಸುತ್ತಾರೆ, ಏಕೆಂದರೆ ಮುಂದೆ ಬಣ್ಣ ಸ್ವಲ್ಪ ಹಿಂದಕ್ಕೆ ಬರುವುದುಂಟು. ಮೂರು ನಾಲ್ಕು ಸಲವಾದರೂ ಏನೂ ಬದಲಾಗದಿದ್ದರೆ ಮತ್ತೆ ಮತ್ತೆ ಮಾಡುವುದರಲ್ಲಿ ಅರ್ಥವಿಲ್ಲ. ಆಗ ಕಲೆಯ ಮೂಲ ಬೇರೆ ಇದೆಯೇ ಎಂದು ನೋಡಬೇಕು.

ಬಿಳುಪು ಬಂದ ಕೂಡಲೇ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿ ಮುಗಿಸುವಂತಿಲ್ಲ. ಡೆಂಟಿನ್, ಎನಾಮಲ್‌ಗಳಲ್ಲಿ ಉಳಿದ ಆಮ್ಲಜನಕ ಕಾಂಪೋಸಿಟ್ ಗಟ್ಟಿಯಾಗುವುದಕ್ಕೆ ಅಡ್ಡಿ ಮಾಡುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಒಂದರಿಂದ ಮೂರು ವಾರ ಕಾಯುತ್ತಾರೆ. ಈ ಬಿಡುವಿನಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪವನ್ನು ಒಳಗಿಡುವ ರೂಢಿ ಇದೆ. ಅದು ಕ್ಷಾರ ಗುಣದ್ದು, ಬೇರಿನ ಸುತ್ತಲ ಆಮ್ಲತೆಯನ್ನು ತಗ್ಗಿಸಲು ನೆರವಾಗುತ್ತದೆ ಎಂಬ ಲೆಕ್ಕ. ಕಾದ ಮೇಲೆ ತಿಳಿ ಬಣ್ಣದ ಕಾಂಪೋಸಿಟ್ ತುಂಬಿ ಹಲ್ಲನ್ನು ಬಿಗಿಯಾಗಿ ಮುಚ್ಚುತ್ತಾರೆ. ಮುಂದೆ ಬಣ್ಣ ನಿಲ್ಲುವುದೂ ಹಲ್ಲು ಉಳಿಯುವುದೂ ಈ ಮುಚ್ಚಳ ಸೋರದಿರುವುದನ್ನು ಅವಲಂಬಿಸಿವೆ.

ಬೇರು ಕರಗುವ ಅಪಾಯ

ಒಳಬ್ಲೀಚಿಂಗಿನ ದೊಡ್ಡ ಅಪಾಯ ಒಸಡಿನ ಮಟ್ಟದಲ್ಲಿ ಬೇರು ಹೊರಗಿನಿಂದ ಕರಗುವುದು. ಎನಾಮಲ್ ಮತ್ತು ಬೇರನ್ನು ಮುಚ್ಚುವ ಸಿಮೆಂಟಂ ಪದರ ಎಲ್ಲ ಹಲ್ಲುಗಳಲ್ಲೂ ಒಂದನ್ನೊಂದು ಮುಟ್ಟುವುದಿಲ್ಲ. ಸುಮಾರು ನೂರಕ್ಕೆ ಹತ್ತು ಹಲ್ಲುಗಳಲ್ಲಿ ಇವೆರಡರ ನಡುವೆ ಸಣ್ಣ ಬಿರುಕು ಬಿಟ್ಟು ಡೆಂಟಿನ್ ಬರಿದಾಗಿರುತ್ತದೆ. ಪೆಟ್ಟು ಬಿದ್ದಾಗ ಸಿಮೆಂಟಂ ಕಿತ್ತುಹೋಗಿದ್ದರೂ ಹಾಗೆಯೇ. ಒಳಗಿಟ್ಟ ಪೆರಾಕ್ಸೈಡ್ ನಳಿಕೆಗಳ ಮೂಲಕ ಇಲ್ಲಿಂದ ಹೊರಗೆ ಸೋರಿದರೆ ಬೇರಿನ ಸುತ್ತಲ ಅಂಗಾಂಶ ಕೆರಳುತ್ತದೆ, ಗಟ್ಟಿ ಅಂಗಾಂಶವನ್ನು ಕರಗಿಸುವ ಜೀವಕೋಶಗಳು ಬೇರನ್ನು ಕೊರೆಯತೊಡಗುತ್ತವೆ. ಇದಕ್ಕೆ ಆರಂಭದಲ್ಲಿ ನೋವಿರುವುದಿಲ್ಲ. ಎಷ್ಟೋ ಸಲ ವರ್ಷಗಳ ನಂತರ ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ಆ ಹೊತ್ತಿಗೆ ಹಲ್ಲು ಕೈತಪ್ಪಿರಬಹುದು.

1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಬಿಳುಪು ಪಡೆದ 58 ಹಲ್ಲುಗಳ ಪೈಕಿ 4ರಲ್ಲಿ ಬೇರು ಕರಗಿದ್ದು ಕಂಡುಬಂತು. ಇಂಥ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೆಲವು ಅಂಶಗಳು ಮತ್ತೆ ಮತ್ತೆ ಎದುರಾಗುತ್ತವೆ: ಚಿಕ್ಕ ವಯಸ್ಸಿನಲ್ಲಿ ಬಿದ್ದ ಪೆಟ್ಟು, ಶೇ. 30ರಷ್ಟು ಸಾಂದ್ರ ಪೆರಾಕ್ಸೈಡ್, ಅದರ ಮೇಲೆ ಬಿಸಿ, ಒಳಗೆ ತಡೆ ಕಟ್ಟದಿರುವುದು. ಎಳೆಯ ಹಲ್ಲಿನ ನಳಿಕೆಗಳು ಅಗಲವಾಗಿರುವುದರಿಂದ ಸೋರಿಕೆಯೂ ಹೆಚ್ಚು. ಈ ಕಾರಣಕ್ಕೇ ಬಿಸಿ ಮಾಡುವ ಪದ್ಧತಿಯನ್ನು ಇಂದು ಕೈಬಿಡಲಾಗಿದೆ. ಸಾಂದ್ರ ಪೆರಾಕ್ಸೈಡಿನ ಬದಲು ಬರೀ ನೀರಿನಲ್ಲಿ ಕಲಸಿದ ಪರ್ಬೋರೇಟ್ ಸ್ವಲ್ಪ ನಿಧಾನವಾದರೂ ಕೊನೆಯ ಫಲದಲ್ಲಿ ಹಿಂದೆ ಬೀಳುವುದಿಲ್ಲ. ಒಂದೆರಡು ಸಲ ಹೆಚ್ಚಿಗೆ ಆಸ್ಪತ್ರೆಗೆ ಹೋಗುವುದು ಬೇರು ಉಳಿಸಿಕೊಳ್ಳಲು ತೆರುವ ಬೆಲೆ. ಚಿಕಿತ್ಸೆ ಮುಗಿದ ಮೇಲೂ ಆರು ತಿಂಗಳಿಗೆ, ಅನಂತರ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸುವುದು ಒಳ್ಳೆಯದು. ಕರಗುವಿಕೆ ಬೇಗ ಕಣ್ಣಿಗೆ ಬಿದ್ದರೆ ಆ ಜಾಗ ಶುಚಿ ಮಾಡಿ ಮುಚ್ಚಿ ಹಲ್ಲನ್ನು ಉಳಿಸುವ ಅವಕಾಶವಿರುತ್ತದೆ.

ಉಳಿದ ಎರಡು ವಿಧಾನ

ಒಳಗೂ ಹೊರಗೂ ಒಟ್ಟಿಗೆ ಬಿಳುಪು ಕೊಡುವ ವಿಧಾನ 1997ರ ಸುಮಾರಿಗೆ ಬಳಕೆಗೆ ಬಂತು. ಇದರಲ್ಲೂ ಗಟ್ಟಾಪರ್ಚ ಕತ್ತರಿಸಿ ತಡೆ ಕಟ್ಟುವುದು ತಪ್ಪುವುದಿಲ್ಲ. ವ್ಯತ್ಯಾಸವೆಂದರೆ ಹಲ್ಲಿನ ಹಿಂಬದಿಯ ಬಾಯಿಯನ್ನು ಮುಚ್ಚದೆ ಹಾಗೇ ಬಿಡುತ್ತಾರೆ. ಹಲ್ಲುಸಾಲಿನ ಅಚ್ಚು ತೆಗೆದು ಮೆತ್ತನೆಯ ಪಾರದರ್ಶಕ ಟ್ರೇ ಮಾಡಿಕೊಡುತ್ತಾರೆ. ರೋಗಿ ಮನೆಯಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ಲನ್ನು ಸಿರಿಂಜಿನಿಂದ ಹಲ್ಲಿನೊಳಗೂ ಟ್ರೇಯಲ್ಲಿ ಆ ಹಲ್ಲಿನ ಜಾಗಕ್ಕೂ ಹಾಕಿ ತೊಟ್ಟುಕೊಳ್ಳಬೇಕು, ಕೆಲವು ಗಂಟೆಗಳಿಗೊಮ್ಮೆ ಬದಲಿಸಬೇಕು. ಮದ್ದು ಎರಡೂ ಕಡೆಯಿಂದ ಕೆಲಸ ಮಾಡುವುದರಿಂದ ಕೆಲವೇ ದಿನಗಳಲ್ಲಿ ಬಣ್ಣ ಬದಲಾಗುತ್ತದೆ. ಊಟವಾದ ಮೇಲೆ ಹಲ್ಲಿನ ರಂಧ್ರದಲ್ಲಿ ಸಿಕ್ಕಿದ ಅಗುಳನ್ನು ಸಣ್ಣ ಬ್ರಷ್ಷಿನಿಂದ ತೆಗೆದು ತೊಳೆಯುವ ಶಿಸ್ತು ರೋಗಿಗೆ ಇರಬೇಕು. ರೋಗಿ ಹೇಳಿದ ದಿನಕ್ಕೆ ಬರದೆ, ತೆರೆದ ಹಲ್ಲಿನಲ್ಲೇ ವಾರಗಟ್ಟಲೆ ಕಳೆದುಬಿಟ್ಟರೆ ಎಲ್ಲವೂ ಕೆಡುತ್ತದೆ. ಅಂಥವರಿಗೆ ಮುಚ್ಚಿ ಕಳಿಸುವ ವಾಕಿಂಗ್ ಬ್ಲೀಚೇ ಹೊಂದುತ್ತದೆ.

ಇನ್ನೊಂದು, ಕುರ್ಚಿಯಲ್ಲೇ ಮುಗಿಸುವ ವಿಧಾನ. ಒಸಡಿಗೆ ರಕ್ಷೆ ಕಟ್ಟಿ, ಶೇ. 35ರ ಸುಮಾರಿನ ಪೆರಾಕ್ಸೈಡ್ ಜೆಲ್ಲನ್ನು ಹಲ್ಲಿನ ಒಳಗೆ ಹೊರಗೆ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯುತ್ತಾರೆ. ಬಣ್ಣ ಬದಲಾದದ್ದು ಕೂಡಲೇ ಕಾಣುತ್ತದೆ. ಆದರೆ ಅದರ ಒಂದು ಭಾಗ ಹಲ್ಲು ಒಣಗಿದ್ದರಿಂದ ಕಂಡ ಬಿಳುಪು, ಹಲ್ಲು ಮತ್ತೆ ನೀರು ಹೀರಿಕೊಂಡಾಗ ಅದು ಇಳಿಯುತ್ತದೆ. ಇದೊಂದೇ ಸಾಕಾಗದೆ ಹೆಚ್ಚಾಗಿ ವಾಕಿಂಗ್ ಬ್ಲೀಚಿನ ಜೊತೆಗೆ ಸೇರಿಸಿ ಮಾಡುತ್ತಾರೆ.

ಮದ್ದಿನ ಆಯ್ಕೆ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಬೋರಾನ್ ಸಂಯುಕ್ತಗಳು ಸಂತಾನಶಕ್ತಿಗೆ ಹಾನಿ ಮಾಡಬಲ್ಲವು ಎಂಬ ವರ್ಗಕ್ಕೆ ಯುರೋಪ್ ಒಕ್ಕೂಟ ಪರ್ಬೋರೇಟನ್ನು ಸೇರಿಸಿದ್ದರಿಂದ ಅಲ್ಲಿನ ದಂತವೈದ್ಯರಲ್ಲಿ ಹಲವರು ಕಾರ್ಬಮೈಡ್ ಪೆರಾಕ್ಸೈಡಿನ ಕಡೆ ಹೊರಳಿದ್ದಾರೆ. ಭಾರತದಲ್ಲಿ ಎರಡೂ ಬಳಕೆಯಲ್ಲಿವೆ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಈ ಚಿಕಿತ್ಸೆ ಕೊಡುವುದು ಕನ್ಸರ್ವೇಟಿವ್ ಡೆಂಟಿಸ್ಟ್ರಿ ಮತ್ತು ಎಂಡೋಡಾಂಟಿಕ್ಸ್ ವಿಭಾಗ, ರೂಟ್ ಕೆನಾಲ್ ಚಿಕಿತ್ಸೆ ಸಿಗುವುದೂ ಅಲ್ಲೇ. ಅಂಗಡಿಯಲ್ಲಿ ಸಿಗುವ ಪೆರಾಕ್ಸೈಡ್ ತಂದು ಮನೆಯಲ್ಲಿ ಪ್ರಯೋಗ ಮಾಡಿಕೊಳ್ಳುವ ವಿಷಯ ಇದಲ್ಲ.

ಬಿಳುಪು ಎಷ್ಟು ಕಾಲ

ಪೆಟ್ಟಿನಿಂದ ಅಥವಾ ಕೊಳೆತ ತಿರುಳಿನಿಂದ ಕಪ್ಪಾದ ಹಲ್ಲುಗಳಲ್ಲಿ ಒಳಬ್ಲೀಚಿಂಗ್ ಬಹುಪಾಲು ಒಳ್ಳೆಯ ಫಲ ಕೊಡುತ್ತದೆ. ಆದರೆ ಅದು ಶಾಶ್ವತವಲ್ಲ. ತುಂಬಿಕೆಯ ಅಂಚಿನಲ್ಲಿ ಎಂಜಲು, ಬ್ಯಾಕ್ಟೀರಿಯಾ, ಆಹಾರದ ಬಣ್ಣ ಸೋರಿದರೆ ಕೆಲವು ವರ್ಷಗಳಲ್ಲಿ ಹಲ್ಲು ಮತ್ತೆ ಮಂಕಾಗಬಹುದು. ಆಗ ತುಂಬಿಕೆ ತೆಗೆದು ಇನ್ನೊಮ್ಮೆ ಮಾಡಲು ಬರುತ್ತದೆ. ಒಸಡಿನ ಅಂಚಿನ ಕಪ್ಪುಗೆರೆ ಮಾತ್ರ ಸುಲಭಕ್ಕೆ ಹೋಗುವುದಿಲ್ಲ. ಅಲ್ಲಿ ಎನಾಮಲ್ ತೆಳು, ಬೇರಿನ ಡೆಂಟಿನ್ ಮದ್ದಿಗೆ ಅಷ್ಟಾಗಿ ಬಗ್ಗುವುದಿಲ್ಲ, ಬೇರನ್ನು ಕಾಯುವ ತಡೆಯೂ ಅಲ್ಲೇ ಇರುವುದರಿಂದ ಮದ್ದು ಅಲ್ಲಿಗೆ ತಲುಪಬಾರದು ಕೂಡ. ನಗುವಾಗ ಒಸಡು ಕಾಣದವರಿಗೆ ಇದು ತೊಂದರೆಯಲ್ಲ. ಒಸಡು ಕಾಣುವವರಿಗೆ ವೈದ್ಯರು ಇದನ್ನು ಮೊದಲೇ ಹೇಳಿರಬೇಕು.

ಎಲ್ಲ ಮಾಡಿದರೂ ಬಣ್ಣ ಬಾರದಿದ್ದರೆ ಹಲ್ಲಿನ ಮುಂಬದಿಯನ್ನು ತೆಳುವಾಗಿ ಸವೆಸಿ ವೆನೀರ್ ಎಂಬ ತೆಳು ಹೊದಿಕೆ ಅಂಟಿಸಬಹುದು. ಹಲ್ಲಿನ ಮೇಲ್ಭಾಗ ತೀರ ಹಾಳಾಗಿದ್ದರೆ ಕ್ಯಾಪ್ ಹಾಕಬೇಕಾಗುತ್ತದೆ. ಕಪ್ಪು ಹಲ್ಲಿನ ಮೇಲೆ ತೆಳು ವೆನೀರ್ ಅಂಟಿಸಿದರೆ ಒಳಗಿನ ಕಪ್ಪು ನೆರಳು ಹೊರಗೆ ಹಾಯುತ್ತದೆ. ಹಾಗಾಗಿ ವೆನೀರೇ ಬೇಕೆಂದು ತೀರ್ಮಾನವಾದ ಹಲ್ಲಿಗೂ ಮೊದಲು ಒಳಬ್ಲೀಚಿಂಗ್ ಮಾಡಿ ಬಣ್ಣ ಎಷ್ಟು ಸಾಧ್ಯವೋ ಅಷ್ಟು ತಿಳಿಯಾಗಿಸಿ, ಆಮೇಲೆ ವೆನೀರ್ ಅಂಟಿಸುತ್ತಾರೆ.